ಹೆಬ್ಬೆರಳಿಗೂ ಬೀಗ ಬೇಕು



ಪಾಸ್‌ವರ್ಡು ಕಳವಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಹೆಬ್ಬೆರಳಿನ ಗುರುತು ಕಳವಾದರೆ ಬೇರೆ ಬೆರಳನ್ನು ಎಲ್ಲಿಂದ ತರುವುದು?

2023ರಲ್ಲಿ ಮಂಗಳೂರು ಮತ್ತು ಬೆಂಗಳೂರಿನಲ್ಲಿ ಇಂಥ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರು ಯಾರಿಗೂ ಓಟಿಪಿ ಹೇಳಿರಲಿಲ್ಲ. ಆದರೂ ಅವರ ಖಾತೆಯಿಂದ ಹಣ ಹೋಗಿತ್ತು. ನೋಂದಣಿ ಇಲಾಖೆಯ ಜಾಲತಾಣದಿಂದ ಪತ್ರಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆರಳಿನ ಗುರುತು ಬಳಸಿ ನಕಲಿ ಬೆರಳಚ್ಚು ಮಾಡಿದ್ದರೆಂದು ತನಿಖೆಯಲ್ಲಿ ತಿಳಿದುಬಂತು. ಅನಂತರ ಇಲಾಖೆಯು ಪ್ರತಿಗಳಲ್ಲಿ ಗುರುತನ್ನು ಮರೆಮಾಡಲು ಕ್ರಮ ಕೈಗೊಂಡಿತು. ಆದರೆ ಅದಕ್ಕೆ ಮೊದಲೇ ಹೊರಗೆ ಹೋದ ಪ್ರತಿಗಳನ್ನು ಹಿಂದಕ್ಕೆ ತರಲಾಗದು.

ಇದು ಸಾಧ್ಯವಾದದ್ದು ಹೇಗೆ? ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ಕಾರ್ಡು, ಪಿನ್, ಓಟಿಪಿ ಯಾವುದೂ ಬೇಡ.

ಕೊಯ್ಲಿನ ಕಾಲಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ನಮ್ಮ ತೋಟಗಳಿಗೆ ಬರುವ ಕೆಲಸಗಾರರಿಗೆ ಈ ವಿಷಯ ಇನ್ನೂ ಮುಖ್ಯ. ಖಾತೆಗೆ ಜಮೆಯಾದ ಕೂಲಿಯನ್ನು ಅವರು ಊರಿನಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆರಳೊತ್ತಿ ತೆಗೆಯುತ್ತಾರೆ. ಅವರ ಆಧಾರ್ ಪ್ರತಿಗಳಿರುವುದು ನಮ್ಮ ಚೆಕ್‌ರೋಲಿನ ಜೊತೆಗೆ, ರೈಟರ ಫೋನಿನಲ್ಲಿ. ಅವು ಪರರ ಕೈಸೇರಿದರೆ ಒಂದು ಹಂಗಾಮಿನ ದುಡಿಮೆಗೇ ಕುತ್ತು ಬಂದೀತು. ಆದ್ದರಿಂದ ಈ ಕೆಳಗಿನವನ್ನು ಪಾಲಿಸಬೇಕೆಂದು ಕೋರಿಕೆ.

1. ಆಧಾರ್ ಪ್ರಾಧಿಕಾರದ ಆಪ್ ಅಥವಾ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಿ. ಇದಕ್ಕೆ ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ಪಡಿತರದ ಅಂಗಡಿಯಲ್ಲಿಯೂ ಬೆರಳು ಹಿಡಿಯದು; ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಇದನ್ನು ಕೆಲಸಗಾರರಿಗೆ ಮೊದಲೇ ತಿಳಿಸಿ, ಅವರು ಒಪ್ಪಿದರೆ ಮಾತ್ರ ಮಾಡಿಕೊಡಿ. ಮಾಹಿತಿಗೆ 1947.

2. ಪ್ರತಿ ಕೊಡಬೇಕಾದಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಅದರ ಮೇಲೆ ಉದ್ದೇಶ, ತಾರೀಖು ಬರೆಯಿರಿ. ಕೆಲಸಗಾರರಿಂದಲೂ ಅಂಥದ್ದನ್ನೇ ಪಡೆಯಿರಿ.

3. ಕೆಲಸಗಾರರ ಕಾಗದಗಳನ್ನು ಬೀರುವಿನಲ್ಲಿ ಬೀಗ ಹಾಕಿಡಿ. ಕಂಪ್ಯೂಟರಿಗೆ ಪಾಸ್‌ವರ್ಡು ಇರಲಿ. ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಬೇಡಿ. ಜೆರಾಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ನಿಮ್ಮೆದುರೇ ಅಳಿಸಲು ಹೇಳಿ.

4. ತೆಗೆಯದ ಹಣ ಕಡಿತವಾದ ಸಂದೇಶ ಬಂದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆ ಬೀಳದು. ಸಂದೇಶವನ್ನು ಓದದೆ ಬಿಟ್ಟರೆ ದಿನಗಳು ಕಳೆದುಹೋಗುತ್ತವೆ.

ತಾವಾಗಿ ಬೀಗ ಹಾಕಲು ತಿಳಿಯದವರು ಫೋನಿನೊಂದಿಗೆ ಸಂಘದ ಕಚೇರಿಗೆ ಬರಬಹುದು. ಕ್ರಮವನ್ನು ತೋರಿಸಿಕೊಡಲಾಗುವುದು. ಓಟಿಪಿಯನ್ನು ಮಾತ್ರ ತಾವೇ ಒತ್ತಬೇಕು, ನಮಗೂ ಹೇಳಬಾರದು.

– ಕಾರ್ಯದರ್ಶಿ