ಮೇಘದೂತದ ಮಂದಗತಿ

ಮೇಘದೂತವನ್ನು ವಿರಹಕಾವ್ಯವೆನ್ನುವುದು ವಾಡಿಕೆ. ಅದು ಏಕಾಂತದ ಕಾವ್ಯವೂ ಅಹುದೆಂಬುದನ್ನು ಅರ್ಥಕ್ಕಿಂತ ಮೊದಲು ಅದರ ನಾದವೇ ತಿಳಿಸುವುದೆಂದು ನಾವು ಭಾವಿಸುತ್ತೇವೆ. ಕುಬೇರನ ಶಾಪದಿಂದ ಒಂದು ವರ್ಷ ಮನೆಗೆ ದೂರನಾದ ಯಕ್ಷನು ರಾಮಗಿರಿಯಲ್ಲಿ ಒಬ್ಬನೇ ಇದ್ದಾನೆ. ಆಷಾಢದ ಮೋಡವೊಂದೇ ಅವನ ಮಾತಿಗೆ ಆಸರೆ.

ಇದಕ್ಕೆ ಕಾಳಿದಾಸನು ಆರಿಸಿಕೊಂಡ ವೃತ್ತವು ಮಂದಾಕ್ರಾಂತ. ಮೆಲ್ಲನೆ ಅಡಿಯಿಡುವುದೆಂದು ಆ ಹೆಸರಿನ ಭಾವ. ಪಾದಕ್ಕೆ 17 ಅಕ್ಷರಗಳು. ಮೊದಲು 4, ಆಮೇಲೆ 6, ಕಡೆಗೆ 7 ಎಂದು ಯತಿ. ಮೊದಲ ನಾಲ್ಕೂ ಗುರುಗಳು: ಹೆಜ್ಜೆ ಏಳದವನ ನಡೆ. ಬಳಿಕ ಐದು ಲಘುಗಳು ಒಮ್ಮೆಗೇ ಹರಿಯುವುವು: ಮನಸ್ಸು ಅಲಕಾಪುರಿಗೆ ಓಡಿತು. ಒಡನೆಯೇ ಒಂದು ಗುರು ಅದನ್ನು ತಡೆಯುವುದು. ಕೊನೆಯ ಏಳರಲ್ಲಿ ಐದು ಗುರು, ಎರಡೇ ಲಘು. ಓಡಿದ ಮನಸ್ಸು ತಡೆತಡೆದು ರಾಮಗಿರಿಗೇ ಮರಳುವುದು.

ಕಾವ್ಯದುದ್ದಕ್ಕೂ ಈ ವೃತ್ತವು ಬದಲಾಗುವುದೇ ಇಲ್ಲ. ಎದುರಿನಿಂದ ಉತ್ತರ ಬಂದರಲ್ಲವೇ ದನಿ ಬದಲಾಗುವುದು! ಮೋಡವು ಒಂದು ಮಾತನ್ನೂ ಆಡದು. ಆ ಮೌನವನ್ನೇ ಯಕ್ಷನು ಕೊನೆಗೆ ಒಪ್ಪಿಗೆಯೆಂದು ಬಗೆಯುತ್ತಾನೆ. ಮಳೆಗಾಲಕ್ಕೂ ಪ್ರವಾಸದ ಸಂಕಟಕ್ಕೂ ಈ ವೃತ್ತವು ಒಪ್ಪುವುದೆಂದು 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಸುವೃತ್ತತಿಲಕದಲ್ಲಿ ಹೇಳಿರುವನು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ: ಇದನ್ನು ಕಣ್ಣಿನಿಂದ ಮಾತ್ರ ಓದಬೇಡಿರಿ. ಸಂಸ್ಕೃತ ಬಾರದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿ ಬಲ್ಲವರೊಬ್ಬರು ಯತಿಯಲ್ಲಿ ನಿಂತು ನಿಂತು ಓದಲಿ, ಉಳಿದವರು ಕೇಳಲಿ. ಮಗನನ್ನು ದೂರದೂರಿಗೆ ಕಳುಹಿಸಿ ಕಾದಿರುವ ತಾಯಿಗೆ ಆ ನಿಲುಗಡೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.