ಊರಿನವರೇ ನೋಡದ ಊರು

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು ಬೆಂಗಳೂರನ್ನು ನೋಡುವುದು ಮನೆಗೆ ನೆಂಟರು ಬಂದಾಗ ಮಾತ್ರ. ಉಳಿದ ದಿನಗಳಲ್ಲಿ ಅವರ ಪಾಲಿಗೆ ಊರೆಂದರೆ ಮನೆ, ಕಚೇರಿ, ಮಕ್ಕಳ ಶಾಲೆ, ತರಕಾರಿಯ ಅಂಗಡಿ ಹಾಗೂ ಇವುಗಳ ನಡುವಣ ವಾಹನಗಳ ಸಂದಣಿ, ಅಷ್ಟೆ. ಮೈಸೂರಿನ ಅರಮನೆಯನ್ನು ಮೂರು ಸಲ, ಹಂಪೆಯನ್ನು ಎರಡು ಸಲ ಕಂಡುಬಂದ ಗೃಹಸ್ಥನನ್ನು ಟೀಪುವಿನ ಬೇಸಗೆಯ ಅರಮನೆ ಎಲ್ಲಿದೆಯೆಂದು ಕೇಳಿದರೆ, ‘ಮಾರ್ಕೆಟ್ಟಿನ ಕಡೆ ಎಲ್ಲೋ ಇರಬೇಕು’ ಎಂದು ತಲೆ ಕೆರೆದುಕೊಳ್ಳುತ್ತಾನೆ. ಇಂದಲ್ಲದಿದ್ದರೆ ನಾಳೆ ನೋಡಿದರಾಯಿತು, ಅದೇನು ಓಡಿಹೋಗುವುದೇ ಎಂಬ ಧೈರ್ಯ ಅವನದು. ಆದರೆ ಈ ಊರಿನಲ್ಲಿ ಓಡಿಹೋದವು ಬೇಕಾದಷ್ಟಿವೆ.

ಮಲ್ಲೇಶ್ವರದ ಒಂದು ಮನೆಗೆ ತೀರ್ಥಹಳ್ಳಿಯಿಂದ ನೆಂಟರು ಬಂದಿದ್ದಾರೆನ್ನೋಣ. ಅವರೊಡನೆ ಹತ್ತು ವರ್ಷದ ಹುಡುಗನೊಬ್ಬ. ತುಂಗೆಯ ದಂಡೆಯಲ್ಲಿ ಬೆಳೆದ ಆ ಹುಡುಗ ಬೆಳಗಿನ ತಿಂಡಿಯ ಹೊತ್ತಿಗೆ ಕೇಳುವ ಮೊದಲ ಪ್ರಶ್ನೆ: ‘ಈ ಊರಿನ ಹೊಳೆ ಎಲ್ಲಿದೆ?’ ಮನೆಯ ಯಜಮಾನರು ಕಾಫಿಯ ಲೋಟವನ್ನು ಕೆಳಗಿಡುತ್ತಾರೆ. ಐವತ್ತು ವರ್ಷ ಈ ಊರಿನಲ್ಲಿದ್ದರೂ ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ಹೊಳೆಯಿಲ್ಲ ಎಂಬುದೇ ಉತ್ತರ. ದೊಡ್ಡ ಊರುಗಳೆಲ್ಲ ನದಿಯ ಮಗ್ಗುಲಲ್ಲಿ ಬೆಳೆದರೆ ಬೆಂಗಳೂರು ಮಾತ್ರ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಏಣಿನ ಮೇಲೆ ಬೆಳೆಯಿತು. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪಶ್ಚಿಮಕ್ಕೆ ವೃಷಭಾವತಿಯಾಗಿ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಪಾಲು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ನಿಲ್ಲಿಸಿಕೊಂಡವರಿಗಷ್ಟೇ ನೀರು. ಆದುದರಿಂದಲೇ ಕೆಂಪೇಗೌಡನು 1537ರಲ್ಲಿ ಪೇಟೆ ಕಟ್ಟಿದಾಗ ಕೋಟೆಯಷ್ಟೇ ಮುಖ್ಯವಾಗಿ ಕೆರೆಗಳೂ ಬೇಕಾದವು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಒಂದು ಭಾನುವಾರದಲ್ಲಿಯೇ ಊರಿನ ಅರ್ಧ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಹೆಚ್ಚು ದೂರವೂ ಹೋಗಬೇಕಿಲ್ಲ; ಮೆಟ್ರೋ ರೈಲಿನ ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆಯಿಂದ ಲಾಲ್‌ಬಾಗಿನವರೆಗೆ ಐದೇ ನಿಲ್ದಾಣಗಳ ಪಯಣ.

ಮೊದಲ ನಿಲ್ದಾಣ ಮೆಜೆಸ್ಟಿಕ್. ಆ ಹೆಸರನ್ನು ಕೊಟ್ಟ ಚಿತ್ರಮಂದಿರ ಈಗಿಲ್ಲ. ಹೆಸರು ಮಾತ್ರ ಉಳಿದಿದೆ. ಅದಕ್ಕಿಂತ ದೊಡ್ಡದೊಂದು ಇಲ್ಲಿ ಇಲ್ಲವಾಗಿದೆ. ಹಗಲಿರುಳೆನ್ನದೆ ಬಸ್ಸುಗಳು ಬಂದು ಹೋಗುವ ಕೆಂಪೇಗೌಡ ನಿಲ್ದಾಣದ ಅಂಗಳ ಒಂದಾನೊಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಪೇಟೆಯ ಜನ ಕುಡಿದ ನೀರು ಅದರದು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ಮನೆಯ ಬಾಗಿಲಿಗೆ ನೀರು ಬಂದ ಮೇಲೆ ಕೆರೆಯ ಕಡೆ ನೋಡುವವರಾರು? ಅದಕ್ಕೆ ನೀರುಣಿಸುತ್ತಿದ್ದ ಕಾಲುವೆಗಳು ರಸ್ತೆ, ರೈಲುದಾರಿ, ಬಡಾವಣೆಗಳಿಗೆ ಸಿಕ್ಕಿ ಕಡಿದುಹೋದವು. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಕಥೆಯೂ ಇದೇ. ಅದರ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಆದರೆ ಚೈತ್ರ ಪೌರ್ಣಿಮೆಯ ಕರಗಕ್ಕೆ ಮುಂಚಿನ ವಿಧಿಗಳಿಗೆ ಆ ಕೆರೆಯ ನೀರಿನ ಸಂಬಂಧ ಬೇಕು. ಆದಕಾರಣ ಅದರ ಚಿಕ್ಕದೊಂದು ತುಣುಕು ಇನ್ನೂ ಉಳಿದಿದೆ. ಯೋಜನೆಗಾರರು ಉಳಿಸದಿದ್ದುದನ್ನು ತಿಗಳರ ಭಕ್ತಿ ಅಷ್ಟಾದರೂ ಉಳಿಸಿತು.

ಮುಂದಿನದು ಚಿಕ್ಕಪೇಟೆ. ಗೃಹಿಣಿಯ ಮುಖ ಅರಳುವುದೂ ಯಜಮಾನರ ಮುಖ ಬಾಡುವುದೂ ಈ ನಿಲ್ದಾಣದಲ್ಲಿಯೇ. ರೇಷ್ಮೆಯ ಅಂಗಡಿಗಳನ್ನು ದಾಟಿ ಮುಂದೆ ಹೋಗುವುದು ಸಾಧ್ಯವಾದರೆ ಮಕ್ಕಳಿಗೆ ಇಲ್ಲೊಂದು ಆಟ ಕಾದಿದೆ. ಬಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ—ಯಾವ ಪೇಟೆಯಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಎಂದು ಹೆಸರಿನಿಂದಲೇ ಊಹಿಸುತ್ತ ಹೋಗಬಹುದು. ದೊಡ್ಡಪೇಟೆ ಮಾತ್ರ ಅವೆನ್ಯೂ ರಸ್ತೆಯಾಗಿ ವೇಷ ಬದಲಿಸಿದೆ. ಅದೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ಜೊತೆ ಎತ್ತುಗಳು ನಾಲ್ಕು ದಿಕ್ಕಿಗೆ ನೇಗಿಲು ಎಳೆದು ಊರಿನ ಬೀದಿಗಳನ್ನು ಗುರುತಿಸಿದವೆಂದು ಐತಿಹ್ಯ. ಅಲ್ಲಿ ನಿಂತು ಎತ್ತುಗಳನ್ನು ಕಲ್ಪಿಸಿಕೊಳ್ಳಲು ಹೋದವನಿಗೆ ಹಿಂದಿನಿಂದ ಕೈಗಾಡಿಯೊಂದು ತಾಗುವ ಸಂಭವವುಂಟು.

ಮನೆಯಲ್ಲಿ ಅಜ್ಜಿಯಿದ್ದರೆ ಅವರು ಈ ಹೊತ್ತಿಗೆ ವೀರಬಲ್ಲಾಳನ ಕಥೆಯನ್ನು ಆರಂಭಿಸಿರುತ್ತಾರೆ. ಬೇಟೆಯಲ್ಲಿ ದಾರಿತಪ್ಪಿದ ಅರಸನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಊರು ಬೆಂದಕಾಳೂರಾಯಿತು. ಕಥೆ ಸೊಗಸಾಗಿದೆ; ಆದರೆ ಆ ಬಲ್ಲಾಳ ಹುಟ್ಟುವುದಕ್ಕೆ ಮುಂಚೆಯೇ, ಸುಮಾರು ಕ್ರಿ.ಶ. 890ರ ಬೇಗೂರಿನ ಗಂಗರ ಕಾಲದ ವೀರಗಲ್ಲಿನ ಶಾಸನ ಬೆಂಗಳೂರಿನ ಕಾಳಗವೊಂದರಲ್ಲಿ ಮಡಿದವನನ್ನು ಹೆಸರಿಸುತ್ತದೆ. ಊರಿನ ಹೆಸರು ಮೊದಲು ಕೇಳಿಬರುವುದು ಅಡುಗೆಯ ಮನೆಯಲ್ಲಲ್ಲ, ಯುದ್ಧಭೂಮಿಯಲ್ಲಿ. ಇದನ್ನು ಹೇಳಿದರೆ ಮಕ್ಕಳು ಹಿಗ್ಗುತ್ತಾರೆ, ಅಜ್ಜಿ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಕೃಷ್ಣರಾಜ ಮಾರ್ಕೆಟ್ಟಿನ ಬೆನ್ನಿಗೇ ಕೋಟೆ ಇದೆ. ‘ಇಷ್ಟೇನೇ?’ ಎನ್ನುತ್ತಾನೆ ಹುಡುಗ. ಇಷ್ಟೇ ಉಳಿದಿರುವುದು. ಹೈದರಾಲಿಯು 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ದೊಡ್ಡ ಕೋಟೆಯಲ್ಲಿ ದೆಹಲಿ ಬಾಗಿಲು, ಅದರ ಅಕ್ಕಪಕ್ಕದ ಗೋಡೆ, ಒಳಗೊಂದು ಗಣಪತಿಯ ಗುಡಿ—ಇವಷ್ಟೇ ನಿಂತಿವೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿಯಿತು. ಎರಡು ವಾರ ಫಿರಂಗಿಗಳು ಗೋಡೆಯನ್ನು ಕುಟ್ಟಿದವು. 21ರ ರಾತ್ರಿ ಗೋಡೆಯ ಬಿರುಕಿನಲ್ಲಿ ಶತ್ರು ನುಗ್ಗಿದಾಗ ಕಿಲ್ಲೇದಾರ ಬಹಾದೂರ್ ಖಾನನು ಹಿಮ್ಮೆಟ್ಟದೆ ಕಾದಾಡಿ ಮಡಿದನು. ಆ ಬಿರುಕಿದ್ದ ಸ್ಥಳದಲ್ಲಿ ಗೆದ್ದವರು ನೆಟ್ಟ ಫಲಕವೊಂದಿದೆ. ರಸ್ತೆಯಲ್ಲಿ ಹೋಗುವವರು ಅದನ್ನು ಓದುವುದು ಅಪರೂಪ. ಹೂವಿನ ಬುಟ್ಟಿ ಹೊತ್ತವರು, ಆಸ್ಪತ್ರೆಗೆ ಧಾವಿಸುವವರು, ಬಸ್ಸು ತಪ್ಪಿದವರು ಅದರ ಮುಂದೆ ನಿತ್ಯವೂ ಸಾಗುತ್ತಾರೆ.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಸಮೀಪದಲ್ಲಿ ಟೀಪುವಿನ ಅರಮನೆ. ಹೈದರನು 1781ರಲ್ಲಿ ಆರಂಭಿಸಿದ ಈ ತೇಗದ ಕಟ್ಟಡವನ್ನು ಮಗ ಪೂರ್ತಿಗೊಳಿಸಿದುದು ಕೋಟೆ ಕೈಬಿಟ್ಟ ಆ 1791ರಲ್ಲಿಯೇ. ಮುಂದೆ ಬ್ರಿಟಿಷರ ಕಚೇರಿಗಳು ಇದರಲ್ಲಿ ನಡೆದವು. 1868ರಲ್ಲಿ ಅಠಾರಾ ಕಚೇರಿ ಸಿದ್ಧವಾದ ಮೇಲೆ ಗುಮಾಸ್ತರು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ತೆರಳಿದರು. ಮಗ್ಗುಲಲ್ಲಿಯೇ ಇರುವ ಕೋಟೆ ವೆಂಕಟರಮಣಸ್ವಾಮಿಯ ಗುಡಿ ಚಿಕ್ಕದೇವರಾಜ ಒಡೆಯರ ಕಾಲದ್ದು. ಸುಲ್ತಾನನ ಅರಮನೆಯ ಪಕ್ಕದಲ್ಲಿ ಒಡೆಯರ ಗುಡಿ. ಇಬ್ಬರ ಗೋಡೆಗೂ ಒಂದೇ ನೆರಳು.

ಮಧ್ಯಾಹ್ನದ ಹಸಿವೆಗೆ ಚರಿತ್ರೆ ಸಾಲದು. ಲಾಲ್‌ಬಾಗಿನ ಹತ್ತಿರವೇ 1924ರಿಂದ ನಡೆದುಬಂದಿರುವ ಮಾವಳ್ಳಿ ಟಿಫಿನ್ ರೂಮ್ಸ್ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯ ಇಡ್ಲಿ ಹುಟ್ಟಿದ್ದು ಅಲ್ಲಿಯೇ ಎನ್ನುತ್ತಾರೆ. ಆ ಇಡ್ಲಿಯ ಮೇಲಣ ತುಪ್ಪ ಕರಗುವವರೆಗೆ ಹುಡುಗನೂ ಪ್ರಶ್ನೆ ಕೇಳುವುದಿಲ್ಲ.

ಇನ್ನು ಲಾಲ್‌ಬಾಗ್. 1889ರಲ್ಲಿ ಅಸ್ತಿಭಾರ ಬಿದ್ದ ಗಾಜಿನ ಮನೆಯನ್ನೂ ವರುಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನವನ್ನೂ ಪರಸ್ಥಳದವರು ನೋಡಿ ಹೋಗುತ್ತಾರೆ. ಊರಿನವರಿಗೆ ಮಾತ್ರ ದಕ್ಕುವ ಲಾಲ್‌ಬಾಗ್ ಬೇರೆಯೇ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಎಂಬ ತೋಟಗಾರ ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆಯ್ದನು. ಮೂರು ದಿನಕ್ಕೆಂದು ಬಂದವನಿಗೆ ಒಂದು ಬಣ್ಣ ಕಂಡೀತು. ಚಳಿಗಾಲ ಮುಗಿಯುತ್ತಿರುವಾಗ ಗುಲಾಬಿ ಬಣ್ಣದ ತಬೆಬೂಯ, ಅನಂತರ ನೀಲಿ ಜಕರಂಡ, ಬೇಸಗೆಗೆ ಕೆಂಪು ಗುಲ್‌ಮೊಹರ್—ಈ ಸರದಿಯನ್ನು ಕಾಣಬೇಕಾದರೆ ಇಲ್ಲಿಯೇ ಬಾಡಿಗೆ ಕಟ್ಟಿಕೊಂಡಿರಬೇಕು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಸಂಕ್ರಾಂತಿಯ ಸಂಜೆ ಗವಿಗಂಗಾಧರನ ಮೇಲೆ ಬೀಳುವ ಸೂರ್ಯಕಿರಣ, ಚೈತ್ರದ ಕರಗ, ಇವೂ ಹಾಗೆಯೇ. ಪ್ರವಾಸಿಗೆ ಪಟ್ಟಿ ಮುಗಿಸುವ ಆತುರ. ನಿವಾಸಿಗೆ ಮುಂದಿನ ಭಾನುವಾರವೂ ಉಂಟು. ದಂಡುಪ್ರದೇಶದ ಆ ಇನ್ನೊಂದು ಬೆಂಗಳೂರು, 1949ರವರೆಗೆ ಬೇರೆ ಆಡಳಿತದಲ್ಲಿದ್ದ ಊರು, ಅಂಥದೊಂದು ಭಾನುವಾರಕ್ಕೆ ಇರಲಿ.

ಬಂಡೆಯನ್ನು ಹತ್ತದೆ ಮಕ್ಕಳು ಬಿಡುವುದಿಲ್ಲ. ಸುಮಾರು 300 ಕೋಟಿ ವರ್ಷಗಳ ಹಿಂದಿನ ಶಿಲೆಯಿದು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ನಾಲ್ಕು ದಿಕ್ಕಿನಲ್ಲಿ ಇಂತಹ ನಾಲ್ಕಿದ್ದು, ಊರು ಬೆಳೆಯಬಹುದಾದ ಮೇರೆಯನ್ನು ಅವು ತೋರಿಸುತ್ತಿದ್ದುವೆಂದು ಜನರ ನಂಬಿಕೆ. ಮೇಲೆ ನಿಂತು ನೋಡಿದರೆ ಮೇರೆಯ ಆಚೆಗೂ ಈಚೆಗೂ ಕಟ್ಟಡಗಳೇ. ಇವೆಲ್ಲಕ್ಕೂ ನೀರು ಎಲ್ಲಿಂದ? ಹೆಸರಘಟ್ಟ ಸಾಲದಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, ಅದೂ ಸಾಲದಾಗಿ 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ ಯಂತ್ರಗಳು ಆ ಹೊಳೆಯನ್ನು ಮೇಲೆತ್ತಿ ಈ ಏಣಿಗೆ ತಂದು ಸುರಿಯುತ್ತಿವೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಅನೇಕ ಬಡಾವಣೆಗಳ ಗೃಹಿಣಿಯರು ಟ್ಯಾಂಕರಿನ ದಾರಿ ಕಾಯುತ್ತ ನಿಂತಿದ್ದರು. ‘ಹಾಗಾದರೆ ಹೊಳೆ ನಲ್ಲಿಯಲ್ಲಿದೆ’ ಎನ್ನುತ್ತಾನೆ ಹುಡುಗ. ಬೆಳಗಿನ ಪ್ರಶ್ನೆಯನ್ನು ಅವನು ಮರೆತಿಲ್ಲ. ಕೆಳಗೆ ಲಾಲ್‌ಬಾಗಿನ ಕೆರೆಯ ಮೇಲೆ ಸಂಜೆಯ ಬಿಸಿಲು ಹೊಳೆಯುತ್ತಿರುತ್ತದೆ. ಅದೊಂದು ತುಂಬಿರುವುದನ್ನು ಯಜಮಾನರು ಸ್ವಲ್ಪ ಹೆಮ್ಮೆಯಿಂದಲೇ ತೋರಿಸುತ್ತಾರೆ.

ರಾತ್ರಿ ನೆಂಟರನ್ನು ಕಳುಹಿಸಿಕೊಡಲು ಮನೆಯವರೆಲ್ಲ ಮತ್ತೆ ಮೆಜೆಸ್ಟಿಕ್ಕಿಗೆ ಬರುತ್ತಾರೆ. ತೀರ್ಥಹಳ್ಳಿಯ ಬಸ್ಸು ಸಿದ್ಧವಾಗಿದೆ. ಸಾಮಾನುಗಳ ಎಣಿಕೆಯಾಗುತ್ತದೆ, ಒಂದು ಛತ್ರಿ ಕಡಿಮೆ ಬಿದ್ದು ಮತ್ತೆ ಸಿಗುತ್ತದೆ. ಹುಡುಗ ಕಿಟಕಿಯ ಪಕ್ಕದ ಜಾಗವನ್ನೇ ಹಿಡಿದು, ತಲೆ ಹೊರಗೆ ಹಾಕಿ ನಿಲ್ದಾಣದ ನೆಲವನ್ನು ನೋಡುತ್ತಿದ್ದಾನೆ. ಕೆರೆ ಎಷ್ಟು ಆಳವಿತ್ತು ಎಂದು ಅವನು ಕೇಳುವ ವೇಳೆಗೆ ಬಸ್ಸು ಹೊರಟಿರುತ್ತದೆ.