ಹಸಿ ಮಣ್ಣಿಗೆ ಚಿತ್ತಾರ

ಅಕ್ಕಂದಿರೇ, ದೀಪಾವಳಿಗೆ ಮಣ್ಣಿನ ಹಣತೆ ಮಾಡ್ತೀರಾ? ಅದಕ್ಕೊಂದು ಚಿತ್ತಾರ ಇದ್ದರೆ ಇನ್ನೂ ಚೆಂದ. ಅದಕ್ಕೆ ದುಡ್ಡು ಬೇಡ. ಬೇಕಾದ ಸಾಮಾನು ಮನೆಯಲ್ಲೇ ಇದೆ.

ಮಣ್ಣಿನ ಕಲ್ಲು, ಕಸ ತೆಗೆದು ಚೆನ್ನಾಗಿ ನಾದಿ. ಹಣತೆ ಮಾಡಿ ಸ್ವಲ್ಪ ಆರಲು ಬಿಡಿ. ಬೆರಳಿಂದ ಒತ್ತಿ ನೋಡಿ. ಮಣ್ಣು ಅಂಟಿದರೆ ಇನ್ನೂ ಕಾಯಿರಿ. ಅಂಟದೆ ಗುರುತು ಬಿದ್ದರೆ ಅದೇ ಹದ. ತೀರಾ ಒಣಗಿದರೆ ಬಿರುಕು ಬಿಡುತ್ತದೆ.

ಬಾಚಣಿಗೆ ಎಳೆದರೆ ಸಾಲು ಗೆರೆ. ಹಗ್ಗ ಒತ್ತಿದರೆ ಜಡೆಯ ಹಾಗೆ. ಗೋಣಿತಾಟು ಒತ್ತಿದರೆ ನೇಯ್ಗೆಯ ಹಾಗೆ. ಎಲೆಯ ಬೆನ್ನು ಒತ್ತಿದರೆ ಅದರ ನರಗಳೆಲ್ಲ ಮೂಡುತ್ತವೆ. ಒಳಗಡೆ ಒಂದು ಬೆರಳು ಆಸರೆ ಕೊಡಿ. ಆಳವಾಗಿ ಒತ್ತಬೇಡಿ. ತೆಳುವಾದ ಕಡೆ ಒಡೆಯುತ್ತದೆ.

ನಾನು ಮೊದಲ ಸಲ ಅವಸರ ಮಾಡಿ ಬಿಸಿಲಿಗಿಟ್ಟೆ. ಹತ್ತರಲ್ಲಿ ಆರು ಸೀಳಿದವು. ನೀವು ನೆರಳಲ್ಲೇ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಕುಂಬಾರರ ಆವಿಗೆಯಲ್ಲಿ ಸುಡಿಸಿ. ಹಸಿ ಉಳಿದಿದ್ದರೆ ಒಳಗಿನ ನೀರು ಆವಿಯಾಗಿ ಹಣತೆ ಸಿಡಿಯುತ್ತದೆ. ಸುಡದೇ ಬಿಟ್ಟರೆ ನೀರಿಗೆ ಕರಗುತ್ತದೆ.

ಇನ್ನೊಂದು ಮಾತು. ಚಿತ್ತಾರ ಹಾಕುವಾಗಲೇ ತಳದಲ್ಲಿ ಕಡ್ಡಿಯಿಂದ ನಿಮ್ಮ ಹೆಸರು ಬರೆಯಿರಿ. ಹೆಬ್ಬೆಟ್ಟು ಒತ್ತಬೇಡಿ. ಈಗ ನಿಮಗೆ ಬರೆಯಲು ಬರುತ್ತದೆ. ಸುಟ್ಟ ಮೇಲೆ ಆ ಹೆಸರು ಅಳಿಸುವುದಿಲ್ಲ.